ಬಾವಿಯಲ್ಲಿ ಸಿಕ್ಕ ಪಟ್ಟೆಬಂಡೆ: ಯಾವುದು ಪದರ, ಯಾವುದು ಪಟ್ಟೆ, ಕಲ್ಲು ಎತ್ತ ಸೀಳುತ್ತದೆ?

ಪ್ರಶ್ನೆ: ನಮ್ಮದು ಡೆಂಕಣಿಕೋಟೆ ಹತ್ತಿರದ ಹಳ್ಳಿ. ತೋಟದಲ್ಲಿ ತೆರೆದ ಬಾವಿ ತೆಗೆಸುತ್ತಿದ್ದೇವೆ. ಹದಿನೈದು ಅಡಿ ಕೆಳಗೆ ಕಪ್ಪು-ಬಿಳಿ ಪಟ್ಟೆಯ ಬಂಡೆ ಬಂತು. ಪಟ್ಟೆಗಳು ಅಡ್ಡಡ್ಡ ಮಲಗಿಲ್ಲ. ಹೆಚ್ಚುಕಡಿಮೆ ನೆಟ್ಟಗೆ ನಿಂತು ಪೂರ್ವಕ್ಕೆ ವಾಲಿವೆ, ಒಂದು ಮೂಲೆಯಲ್ಲಿ ಹಾವಿನ ಹಾಗೆ ಸುಳಿದಿವೆ. ಮಗಳ ಶಾಲೆಯ ಪುಸ್ತಕ ನೋಡಿ, ನೀರಿನಲ್ಲಿ ಕೂತ ಮಣ್ಣಿನ ಪದರವೇ ಹೀಗೆ ಕಲ್ಲಾಗಿದೆ ಅಂದುಕೊಂಡೆ. ಕಲ್ಲು ಒಡೆಯುವವರು ಇದು ಗ್ರಾನೈಟ್ ಅನ್ನುತ್ತಾರೆ. ಯಾವುದು ಸರಿ? ಈ ಕಲ್ಲಿನಲ್ಲೇ ಚಪ್ಪಡಿ, ಬೇಲಿಕಂಬ ಮಾಡಿಸಬಹುದೇ? ಪಟ್ಟೆಯ ಸಂದಿಯಲ್ಲಿ ನೀರು ಬರುತ್ತದೆಯೇ? ಹೊಸೂರಿನ ಅಂಗಡಿಯಲ್ಲಿ ಇದೇ ಥರದ ಪಟ್ಟೆಗಲ್ಲನ್ನು ಅಡುಗೆಮನೆ ಕಟ್ಟೆಗೆ ನೋಡಿಟ್ಟಿದ್ದೇವೆ, ಹಾಕಿಸಬಹುದೇ?

ಉತ್ತರ: ಕಲ್ಲಿನ ಜಾತಿ ಆಮೇಲೆ ನೋಡೋಣ, ಮೊದಲು ಬಾವಿಯ ಪಶ್ಚಿಮದ ಗೋಡೆ. ಪಟ್ಟೆ ಪೂರ್ವಕ್ಕೆ ವಾಲಿದೆ ಎಂದಿದ್ದೀರಿ. ಹಾಗಿದ್ದರೆ ಪಶ್ಚಿಮದ ಗೋಡೆಯಲ್ಲಿ ಬಂಡೆಯ ಒಂದೊಂದು ಹಾಳೆಯೂ ಬಾವಿಯ ಒಳಮುಖಕ್ಕೆ ಇಳಿಜಾರಾಗಿದೆ. ನೀವು ಕೆಳಗೆ ಅಗೆದು ಅದರ ಕಾಲು ತೆಗೆದುಬಿಟ್ಟಿದ್ದೀರಿ. ಈಗ ಅದನ್ನು ಹಿಡಿದಿರುವುದು ಹಾಳೆಹಾಳೆಯ ನಡುವಿನ ಅಂಟು ಮತ್ತು ಉಜ್ಜಾಟ, ಅಷ್ಟೇ. ಕಾಗೆಬಂಗಾರ (ಮೈಕಾ) ತುಂಬಿದ ಮೈಯಾದರೆ, ಅಂಟು ಬಿಟ್ಟ ಮೇಲೆ 25–30 ಡಿಗ್ರಿ ಇಳಿಜಾರೇ ಜಾರುವುದಕ್ಕೆ ಸಾಕು. ‘ಹೆಚ್ಚುಕಡಿಮೆ ನೆಟ್ಟಗೆ’ ಎಂದರೆ ನಿಮ್ಮದು 60–70 ಡಿಗ್ರಿಯಾದರೂ ಇರಬೇಕು. ಒಂದು ಒಳ್ಳೆಯ ಮಳೆಗೆ ಸಂದಿಯಲ್ಲಿ ನೀರು ಇಳಿದರೆ ಹಾಸಿಗೆಯಷ್ಟು ಅಗಲದ ಹಾಳೆ ಸದ್ದಿಲ್ಲದೆ ಕೆಳಗೆ ಬರುತ್ತದೆ. ಪೂರ್ವದ ಗೋಡೆಯಲ್ಲಿ ಹಾಳೆಗಳು ಗೋಡೆಯ ಒಳಕ್ಕೇ ವಾಲಿರುವುದರಿಂದ ಸಡಿಲ ತುಂಡು ಉದುರಬಹುದು, ಇಡೀ ಗೋಡೆ ಜಾರುವ ಭಯ ಕಡಿಮೆ.

ಆದ್ದರಿಂದ ಏಣಿ, ಪಂಪಿನ ಹಲಗೆ, ಆಳುಗಳು ಕೂರುವ ಜಾಗ ಎಲ್ಲವೂ ಪೂರ್ವದ ಕಡೆ ಇರಲಿ. ಅಗೆದ ಮಣ್ಣು-ಕಲ್ಲಿನ ಗುಡ್ಡೆಯನ್ನು ಪಶ್ಚಿಮದ ಅಂಚಿನಲ್ಲಿ ಹಾಕಬೇಡಿ, ಟ್ರ್ಯಾಕ್ಟರನ್ನೂ ಆ ಕಡೆ ನಿಲ್ಲಿಸಬೇಡಿ. ಮದ್ದು ಹಾಕಿದ ಪ್ರತಿ ಸಲವೂ, ಯಾರೂ ಇಳಿಯುವ ಮೊದಲು, ಮೇಲಿನಿಂದಲೇ ಉದ್ದ ಹಾರೆಯಲ್ಲಿ ಸಡಿಲ ಹಾಳೆ ಕೆಡವಬೇಕು. ಸುತ್ತಿಗೆಯಲ್ಲಿ ತಟ್ಟಿದರೆ ಕೂಡಿಕೊಂಡಿರುವ ಬಂಡೆ ‘ಠಣ್’ ಅನ್ನುತ್ತದೆ, ಬಿಟ್ಟುಕೊಂಡ ಹಾಳೆ ‘ಡಬ್’ ಅನ್ನುತ್ತದೆ. ಡಬ್ ಅಂದ ಜಾಗವನ್ನು ನಾಳೆಗೆ ಉಳಿಸಬೇಡಿ. ಜಾಗವಿದ್ದರೆ ಪಶ್ಚಿಮದ ಗೋಡೆಯನ್ನು ನೆಟ್ಟಗೆ ಕಡಿಯದೆ ಪಟ್ಟೆಯ ಇಳಿಜಾರಿಗೇ ಸರಿಯಾಗಿ ಓರೆ ಮಾಡಿಬಿಡುವುದು ಎಲ್ಲಕ್ಕಿಂತ ಒಳ್ಳೆಯದು. ಒಂದಿಷ್ಟು ಹೆಚ್ಚು ಕಲ್ಲು ತೆಗೆಯಬೇಕಾಗುತ್ತದೆ, ಇರಲಿ.

ಈಗ ಕಲ್ಲಿನ ವಿಷಯ. ಇದು ನೈಸ್ (gneiss) ಎಂಬ ರೂಪಾಂತರ ಶಿಲೆ, ಅಂದರೆ ಆಳದ ಒತ್ತಡ-ಬಿಸಿಗೆ ರೂಪ ಬದಲಾದ ಕಲ್ಲು. ಹೊಸೂರು, ತಳಿ, ಡೆಂಕಣಿಕೋಟೆ, ರಾಯಕೋಟೆ ಸೀಮೆಯ ನೆಲದಡಿ ಹಾಸಿಕೊಂಡಿರುವುದು ಬಹುಪಾಲು ಇದೇ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಇದೇ ವಂಶದ್ದು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ 1916ರಲ್ಲಿ ಇಟ್ಟ ‘ಪೆನಿನ್ಸುಲರ್ ನೈಸ್’ ಎಂಬ ಹೆಸರೇ ಈಗಲೂ ಬಳಕೆಯಲ್ಲಿದೆ. ಕಲ್ಲಿನ ವ್ಯಾಪಾರದಲ್ಲಿ ಗಟ್ಟಿಯಾಗಿದ್ದು ಪಾಲಿಶ್ ಹಿಡಿಯುವುದೆಲ್ಲ ‘ಗ್ರಾನೈಟ್’. ಕೃಷ್ಣಗಿರಿ ಕಡೆಯ ಕ್ವಾರಿಗಳಿಂದ ಹೊರದೇಶಕ್ಕೂ ಹೋಗುವ ‘ಪ್ಯಾರಡೈಸೊ’ ಗ್ರಾನೈಟ್ ಕೂಡ ನಿಜದಲ್ಲಿ ಸುಳಿಸುಳಿಯಾದ ನೈಸ್. ಒಡೆಯುವವರು ತಪ್ಪು ಹೇಳಿದರು ಅನ್ನಬೇಕಿಲ್ಲ, ಅದು ಅವರ ಲೆಕ್ಕ. ಗ್ರಾನೈಟಿನಲ್ಲಿ ಕಪ್ಪು-ಬಿಳಿ ಕಾಳು ಚೆಲ್ಲಿದ ಹಾಗೆ ಎಲ್ಲ ಕಡೆಗೂ ಬೆರೆತಿರುತ್ತದೆ. ನೈಸಿನಲ್ಲಿ ಅದೇ ಕಾಳುಗಳು ಸಾಲು ಕಟ್ಟಿರುತ್ತವೆ.

ನಿಮ್ಮ ಮಗಳ ಪುಸ್ತಕದಲ್ಲಿರುವುದೂ ಸುಳ್ಳಲ್ಲ. ಜೇಡಿಮಣ್ಣು ಪದರವಾಗಿ ಕೂತು, ಒತ್ತಡ-ಬಿಸಿಗೆ ಸಿಕ್ಕಿ ಸ್ಲೇಟ್ ಆಗಿ, ಇನ್ನೂ ಬಿಸಿಗೆ ಶಿಸ್ಟ್ ಆಗಿ, ಕಡೆಗೆ ನೈಸ್ ಆಗುವುದು ಒಂದು ದಾರಿ. ಆದರೆ ನೈಸಿಗೆ ಅದೊಂದೇ ದಾರಿಯಲ್ಲ. ಯಾವ ಪದರವೂ ಇಲ್ಲದ ಗ್ರಾನೈಟಿನಂಥ ಅಗ್ನಿಶಿಲೆ ಕೂಡ ಪಟ್ಟೆಯ ನೈಸ್ ಆಗಬಲ್ಲದು, ನಮ್ಮ ಸೀಮೆಯಲ್ಲಿ ಆಗಿರುವುದು ಹೆಚ್ಚಾಗಿ ಹಾಗೆಯೇ. ಪದರಗಲ್ಲಿನಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂದು ಪುಟ ಎಣಿಸಿದ ಹಾಗೆ ಎಣಿಸಬಹುದು. ನೈಸಿನ ಪಟ್ಟೆಯನ್ನು ಹಾಗೆ ಎಣಿಸಹೋದರೆ ಮೋಸ ಹೋಗುತ್ತೀರಿ.

‘ಪದರ’ ಎಂಬ ಒಂದೇ ಮಾತಿನಲ್ಲಿ ಬಂಡೆಯ ಹಲವು ಗುಣಗಳನ್ನು ಸೇರಿಸಿಬಿಡುತ್ತೇವೆ. ನೀರಿನಲ್ಲಿ ಒಂದರ ಮೇಲೊಂದು ಕೂತದ್ದು ಒಂದು ಥರ, ಶಹಾಬಾದ್ ಕಲ್ಲು, ಕಡಪ ಕಲ್ಲಿನಲ್ಲಿ ಕಾಣುವಂಥದು. ಒತ್ತಡಕ್ಕೆ ಸಿಕ್ಕಿದ ಚಪ್ಪಟೆ ಹರಳುಗಳು, ಮುಖ್ಯವಾಗಿ ಕಾಗೆಬಂಗಾರ, ಒಂದೇ ಕಡೆಗೆ ಮಲಗಿಕೊಂಡದ್ದು ಇನ್ನೊಂದು. ಕಲ್ಲು ಸೀಳುವುದು ಇದರಿಂದ, ಬಣ್ಣ ಬೇರೆಯಾಗಿರಲೇಬೇಕು ಅಂತಿಲ್ಲ. ಕಪ್ಪು ಖನಿಜ ಒಂದು ಕಡೆ, ಬಿಳಿ ಖನಿಜ ಇನ್ನೊಂದು ಕಡೆ ಗುಂಪು ಸೇರಿದ್ದು ಪಟ್ಟೆ. ಇವೆಲ್ಲಕ್ಕೂ ಸಂಬಂಧವೇ ಇಲ್ಲದ್ದೊಂದಿದೆ: ಬೋಳು ಗುಡ್ಡದ ಮೇಲೆ ಈರುಳ್ಳಿ ಸಿಪ್ಪೆಯಂತೆ ಎದ್ದು ಬರುವ ಹಾಸು. ಮೇಲಿನ ಭಾರ ಸವೆದು ಹೋಗಿ ಬಂಡೆ ಹಿಗ್ಗಿದ್ದರಿಂದ ಬಿಟ್ಟ ಬಿರುಕು ಅದು, ನೆಲದ ಮೈಗೆ ಸಮನಾಗಿ ಓಡುತ್ತದೆ. ಕಲ್ಲುಕುಟಿಗರು ಬಂಡೆಯ ಮೇಲೆ ಬೆಂಕಿ ಹಾಕಿ ಹಾಸು ಎಬ್ಬಿಸುವುದು ಈ ಗುಣದಿಂದ. ಗುಡ್ಡದಲ್ಲಿ ಮಲಗಿದ ಹಾಸಿನೊಳಗೆ ಪಟ್ಟೆ ನೆಟ್ಟಗೆ ನಿಂತಿರುವುದನ್ನು ಎಷ್ಟು ಕಡೆ ಬೇಕಾದರೂ ನೋಡಬಹುದು. ಇವೆರಡನ್ನು ಬೆರೆಸಿಕೊಂಡೇ ‘ಇಲ್ಲಿ ಅಡ್ಡ ಪದರ, ಅಲ್ಲಿ ಉದ್ದ ಪದರ’ ಎಂದು ಜನ ಗೊಂದಲಪಡುವುದು.

ಹಾಗಾದರೆ ಪದರವಿಲ್ಲದ ಕಲ್ಲಿಗೆ ಪಟ್ಟೆ ಎಲ್ಲಿಂದ ಬಂತು? ಅಡುಗೆಮನೆಯಲ್ಲೇ ಮಾಡಿ ನೋಡಬಹುದು. ಚಪಾತಿ ಕಣಕದ ದೊಡ್ಡ ಉಂಡೆಯೊಳಗೆ ನಿಂಬೆಗಾತ್ರದ ರಾಗಿ ಹಿಟ್ಟಿನ ಉಂಡೆ ಇಡಿ. ರಾಗಿ ಹಿಟ್ಟನ್ನು ಸ್ವಲ್ಪ ಬಿಗಿಯಾಗಿಯೇ ಕಲಸಿರಿ. ಲಟ್ಟಿಸಿ, ಮಡಚಿ, ಮತ್ತೆ ಲಟ್ಟಿಸಿ. ನಾಲ್ಕೈದು ಸಲವಾದ ಮೇಲೆ ಚಾಕುವಿನಲ್ಲಿ ಕೊಯ್ದು ಅಡ್ಡ ಮೈ ನೋಡಿದರೆ ಉಂಡೆ ಎಲ್ಲೂ ಇಲ್ಲ, ಕಂದು ಗೆರೆಗಳಿವೆ. ಕೆಲವು ಗೆರೆ ಕೂದಲಿನಷ್ಟು ಸಣ್ಣಗಾಗಿ ಮಾಯವಾಗಿರುತ್ತವೆ, ಕೆಲವು ಮಡಿಕೆಯಲ್ಲಿ ತಿರುಗಿ ವಾಪಸು ಬಂದಿರುತ್ತವೆ. ರಾಗಿ ಬಿಗಿಯಾಗಿದ್ದ ಕಡೆ ಗೆರೆ ಎಳೆದುಕೊಳ್ಳಲಾರದೆ ತುಂಡುತುಂಡಾಗಿ ಮಣಿಸರದಂತೆ ಕೂತಿರುತ್ತದೆ. ನೈಸಿನಲ್ಲೂ ಇದೇ ಮಣಿಸರ ಸಿಗುತ್ತದೆ: ಕರಿಕಲ್ಲಿನ ಪಟ್ಟೆ ಎಳೆತಕ್ಕೆ ಕತ್ತರಿಸಿ ದಿಂಬುಗಳ ಸಾಲಾಗಿ, ದಿಂಬು-ದಿಂಬಿನ ನಡುವೆ ಬೆಣಚುಕಲ್ಲು ತುಂಬಿಕೊಂಡಿರುತ್ತದೆ. ಬಾವಿಯ ಗೋಡೆಯಲ್ಲಿ ಇಂಥದು ಕಂಡರೆ, ಈ ಕಲ್ಲು ಎಳೆಸಿಕೊಂಡಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇದಕ್ಕೊಂದು ಲೆಕ್ಕವೂ ಇದೆ. ಬಂಡೆಯ ಬಿರುಕಿನಲ್ಲಿ ಕರಗಿದ ಕಲ್ಲು ನುಗ್ಗಿ ಗಟ್ಟಿಯಾಗಿ, 1 ಮೀಟರ್ ದಪ್ಪದ ಕರಿಕಲ್ಲಿನ ಗೋಡೆಯೊಂದು 45 ಡಿಗ್ರಿ ಓರೆಯಾಗಿ ನಿಂತಿದೆ ಎಂದುಕೊಳ್ಳಿ. ಆಮೇಲೆ ಇಡೀ ಬಂಡೆ ಇಸ್ಪೀಟು ಕಟ್ಟು ಜಾರಿದ ಹಾಗೆ ಜಾರುತ್ತದೆ: ಪ್ರತಿ 1 ಮೀಟರ್ ದಪ್ಪಕ್ಕೆ 10 ಮೀಟರ್ ಜಾರಿಕೆ. ಆಗ 45 ಡಿಗ್ರಿ ಓರೆ ಸುಮಾರು 5 ಡಿಗ್ರಿಗೆ ಇಳಿಯುತ್ತದೆ, 1 ಮೀಟರ್ ದಪ್ಪ 13 ಸೆಂಟಿಮೀಟರ್ ಆಗುತ್ತದೆ. ಕಣ್ಣಿಗೆ ಅದೀಗ ಅಡ್ಡ ನುಗ್ಗಿದ ಗೋಡೆಯಲ್ಲ, ಉಳಿದವುಗಳ ಪಕ್ಕದಲ್ಲಿ ಇನ್ನೊಂದು ಕಪ್ಪು ಪಟ್ಟೆ. ಇಷ್ಟು ಜಾರಿಕೆ ದೊಡ್ಡದೇನಲ್ಲ. ಆಳದ ಬಿಸಿ ಬಂಡೆ ಹರಿಯುವುದಕ್ಕೆ ಭೂವಿಜ್ಞಾನದಲ್ಲಿ ಸಾಮಾನ್ಯವಾಗಿ ಹಿಡಿಯುವ ವೇಗದಲ್ಲಿ, ಮೀಟರ್ ದಪ್ಪದ ಬಂಡೆಯ ಮೇಲ್ಮೈ ಕೆಳಮೈಗಿಂತ 1 ಮಿಲಿಮೀಟರ್ ಮುಂದೆ ಹೋಗಲು 3,000 ವರ್ಷ ಬೇಕು. 10 ಮೀಟರಿಗೆ ಸುಮಾರು 3 ಕೋಟಿ ವರ್ಷ. ಈ ಸೀಮೆಯ ನೈಸ್ ಕಡೆಯ ಸಲ ಚೆನ್ನಾಗಿ ಕಾದದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ, ಅದಕ್ಕೆ ಮೊದಲು ಬಿಡುವು ಬೇಕಾದಷ್ಟಿತ್ತು. ಗ್ರೀನ್‌ಲೆಂಡಿನ ಹಳೆಯ ನೈಸ್‌ಗಳಲ್ಲಿ ಮೆಕ್‌ಗ್ರೆಗರ್ ಎಂಬ ಭೂವಿಜ್ಞಾನಿ 1970ರ ಸುಮಾರಿಗೆ ತೋರಿಸಿದ್ದು ಇದನ್ನೇ. ಒಂದು ಕಡೆ ಪಟ್ಟೆಗಳನ್ನು ಅಡ್ಡ ಕತ್ತರಿಸುವ ಕರಿಗೋಡೆಯನ್ನು ಹಿಡಿದು ನಡೆಯುತ್ತ ಹೋದರೆ, ಜಾರಿಕೆ ಹೆಚ್ಚಿರುವ ಕಡೆ ಅದೇ ಗೋಡೆ ಪಟ್ಟೆಗಳಿಗೆ ಸಮನಾಗಿ ಮಲಗಿಬಿಟ್ಟಿರುತ್ತದೆ.

ಪಟ್ಟೆ ಹುಟ್ಟಲು ಎಳೆತ ಒಂದು ದಾರಿ, ಎರಡನೆಯ ದಾರಿ ಕರಗುವಿಕೆ. ನೀರಿನಂಶವಿದ್ದರೆ ಬೆಣಚು ಮತ್ತು ಫೆಲ್ಡ್‌ಸ್ಪಾರ್ ಎಂಬ ತಿಳಿಬಣ್ಣದ ಖನಿಜ ಕೂಡಿದ ಭಾಗ 650–700 ಡಿಗ್ರಿ ಸೆಲ್ಸಿಯಸ್‌ಗೇ ಕರಗತೊಡಗುತ್ತದೆ. ಹಾರ್ನ್‌ಬ್ಲೆಂಡ್ ಎಂಬ ಕರಿ ಖನಿಜ ತುಂಬಿದ ಭಾಗಕ್ಕೆ ಅಷ್ಟು ಬಿಸಿ ಸಾಲದು. ಕರಗಿದ್ದು ಬಸಿದು ಸಂದಿಗೆ ಸೇರಿ ಬಿಳಿ ಪಟ್ಟೆಯಾಗುತ್ತದೆ, ಕರಗದೆ ಉಳಿದ ಕಪ್ಪು ಅದರ ಎರಡೂ ಅಂಚಿಗೆ ಸೀರೆಯ ಕರಿ ಅಂಚಿನ ಹಾಗೆ ಕೂರುತ್ತದೆ. ಇಂಥ ಅರೆಕರಗಿದ ಕಲ್ಲಿಗೆ ಫಿನ್ಲೆಂಡಿನ ಸೆಡರ್‌ಹೋಮ್ 1907ರಲ್ಲಿ ಮಿಗ್ಮಟೈಟ್ ಎಂದು ಹೆಸರಿಟ್ಟ. ಮೂರನೆಯ ದಾರಿಯಲ್ಲಿ ಕರಗುವುದೇ ಬೇಡ. ಒತ್ತಡ ಹೆಚ್ಚಿರುವ ಕಡೆ ಬೆಣಚು ಕಾಳಿನ ಅಂಚು ಸಂದಿಯ ನೀರಿನಲ್ಲಿ ಕರಗಿ, ಒತ್ತಡ ಕಡಿಮೆ ಇರುವ ಕಡೆ ಹೋಗಿ ಕೂರುತ್ತದೆ, ಕಾಗೆಬಂಗಾರ ಇದ್ದಲ್ಲೇ ಉಳಿಯುತ್ತದೆ. ಹೀಗಾಗುವ ಪಟ್ಟೆ ಸಾಮಾನ್ಯವಾಗಿ ಕೆಲವು ಮಿಲಿಮೀಟರ್‌ಗಳದು. ಗೇಣಗಲದ ಪಟ್ಟೆಗೆ ಮೊದಲ ಎರಡರಲ್ಲಿ ಒಂದು ಕಾರಣ ಹುಡುಕಬೇಕು.

ನಿಜವಾದ ಹಳೆಯ ಪದರ ನೈಸ್ ಸೀಮೆಯಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಕೋಲಾರದ ಚಿನ್ನವಿರುವ ಕಲ್ಲಿನ ಪಟ್ಟಿ ದಕ್ಷಿಣಕ್ಕೆ ಗಡಿ ದಾಟಿ ಕೃಷ್ಣಗಿರಿ ಜಿಲ್ಲೆಗೂ ಬರುತ್ತದೆ. ಅಂಥ ಪಟ್ಟಿಗಳಲ್ಲಿ ಸಿಗುವ ಕಬ್ಬಿಣದ ಪಟ್ಟೆಗಲ್ಲು ಹಳೆಯ ಸಮುದ್ರದಲ್ಲಿ ಕೂತದ್ದೇ. ಅದು ಗೊತ್ತಾಗುವುದು ಸುಲಭ, ಕರಿ ಪಟ್ಟೆಗೆ ಸ್ಪೀಕರಿನ ಮ್ಯಾಗ್ನೆಟ್ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಒಂದು ಪಟ್ಟೆ ಪೂರ್ತಿ ಬೆಣಚು, ಪಕ್ಕದ್ದು ಪೂರ್ತಿ ಸುಣ್ಣದ ಅಂಶ, ಅದರ ಪಕ್ಕದ್ದು ಗಾರ್ನೆಟ್ ಎಂಬ ಹರಳು ತುಂಬಿದ ಶಿಸ್ಟ್, ಹೀಗೆ ಪಕ್ಕಪಕ್ಕದ ಕಲ್ಲಿನ ಹುಟ್ಟೇ ಬೇರೆಬೇರೆ ಎನ್ನುವಂತಿದ್ದರೆ ಪದರದ ಸಂಶಯ ಪಡಬಹುದು. ಎಷ್ಟು ಲಟ್ಟಿಸಿದರೂ ಗ್ರಾನೈಟಿನಿಂದ ಸುಣ್ಣದ ಪಟ್ಟೆ ಹುಟ್ಟುವುದಿಲ್ಲ. ನಿಮ್ಮ ವಿವರಣೆಯಲ್ಲಿ ಅಂಥದೇನೂ ಇಲ್ಲ.

ಖಚಿತ ಮಾಡಿಕೊಳ್ಳಲು ಬಾವಿಯ ಗೋಡೆಯನ್ನೇ ಓದಿ. ಪೂರ್ವದ ಗೋಡೆಯಲ್ಲೇ ಓದಿ, ಬೆಳಿಗ್ಗೆ ಕಲ್ಲಿನ ಮೇಲೆ ಒಂದು ಬಕೆಟ್ ನೀರು ಹುಯ್ದು ಧೂಳು ತೊಳೆದ ಮೇಲೆ. ಉರುಳಿ ಬಿದ್ದ ಗುಂಡುಕಲ್ಲು ಬೇಡ, ಅದರ ದಿಕ್ಕು ಸುಳ್ಳು. ಪಟ್ಟೆಯನ್ನು ಬೆರಳಿನಲ್ಲಿ ಹಿಡಿದು ಮೂರು-ನಾಲ್ಕು ಅಡಿ ಹಿಂಬಾಲಿಸಿ. ಎರಡು ಪಟ್ಟೆ ಒಂದಾಗುತ್ತವೆಯೇ, ಚೂಪಾಗಿ ಮುಗಿಯುತ್ತದೆಯೇ, ಮಡಚಿ ಹಿಂದಕ್ಕೆ ಬರುತ್ತದೆಯೇ ನೋಡಿ. ಬಿಳಿ ಪಟ್ಟೆಯ ಅಂಚಿಗೆ ಕಡುಕಪ್ಪು ಗೆರೆ ಇದ್ದರೆ ಅದು ಅಲ್ಲೇ ಕರಗಿ ಹುಟ್ಟಿದ್ದು. ಅಂಚು ಚಾಕುವಿನಲ್ಲಿ ಕೊಯ್ದ ಹಾಗಿದ್ದು, ಕರಿ ಗೆರೆ ಇಲ್ಲದೆ, ಬೇರೆ ಪಟ್ಟೆಗಳನ್ನು ಅಡ್ಡ ದಾಟಿದ್ದರೆ ಆಮೇಲೆ ಹೊರಗಿನಿಂದ ನುಗ್ಗಿದ್ದು. ಯಾವುದು ಯಾವುದನ್ನು ಕತ್ತರಿಸಿದೆಯೋ ಅದು ಹೊಸದು, ನೈಸಿನಲ್ಲಿ ಹಿಂದುಮುಂದು ತಿಳಿಯಲು ನಂಬಬಹುದಾದ ಗುರುತು ಇದು. ಎಲ್ಲವನ್ನೂ ಕತ್ತರಿಸುವ, ಪಟ್ಟೆಯೇ ಇಲ್ಲದ ನಯವಾದ ಕರಿಕಲ್ಲು ಸಿಕ್ಕರೆ ಅದು ಡಾಲರೈಟ್. ಬೆಂಗಳೂರು ಸುತ್ತಿನ ಇಂಥ ಕರಿಗೋಡೆಗಳಲ್ಲಿ ಅನೇಕವು ಸುಮಾರು 237 ಕೋಟಿ ವರ್ಷದ್ದು, ನೈಸಿನ ಎಳೆದಾಟ ಮುಗಿದ ಮೇಲೆ ಬಂದದ್ದರಿಂದ ಅವಕ್ಕೆ ಪಟ್ಟೆಯಿಲ್ಲ.

ಮೇಲಿನ ಹದಿನೈದು ಅಡಿ ಮಣ್ಣನ್ನೂ ಬಿಡಬೇಡಿ. ಗಟ್ಟಿ ಬಂಡೆಗಿಂತ ಮೇಲೆ, ಹಾರೆಗೆ ಸಿಗುವ ಮೆತ್ತನೆಯ ಭಾಗದಲ್ಲೂ ಅದೇ ಪಟ್ಟೆ ಮುಂದುವರಿದಿರುತ್ತದೆ. ಫೆಲ್ಡ್‌ಸ್ಪಾರ್ ಕೊಳೆತು ಬಿಳಿ ಸೇಡಿಮಣ್ಣಾಗಿದೆ, ಕಪ್ಪು ಪಟ್ಟೆ ತುಕ್ಕುಹಿಡಿದ ಕೆಂಪುಮಣ್ಣಾಗಿದೆ, ನಡುವೆ ಬೆಣಚಿನ ಗೆರೆ ಮಾತ್ರ ಕೊಳೆಯದೆ ಪಕ್ಕೆಲುಬಿನ ಹಾಗೆ ಎದ್ದು ನಿಂತಿದೆ. ಇದನ್ನು ನೋಡಿ ‘ಕೆಂಪುಮಣ್ಣು ಬಿಳಿಮಣ್ಣು ಪದರಪದರವಾಗಿ ಕೂತಿದೆ’ ಅನ್ನುವವರು ಬಹಳ. ಕೂತದ್ದಲ್ಲ, ಇದ್ದ ಬಂಡೆಯೇ ನಿಂತಲ್ಲಿ ಮಣ್ಣಾದದ್ದು.

ಪಟ್ಟೆಯ ದಿಕ್ಕು ಅಳೆದಿಟ್ಟುಕೊಳ್ಳಿ, ಮುಂದಿನ ಎಲ್ಲಕ್ಕೂ ಬೇಕು. ಸೀಳಿ ಚಪ್ಪಟೆಯಾಗಿ ಎದ್ದ ಒಂದು ಮೈ ಹುಡುಕಿ, ಲೋಟ ನೀರು ಮೆಲ್ಲಗೆ ಹುಯ್ಯಿರಿ. ನೀರು ನೇರ ಹರಿದ ದಾರಿಯೇ ಇಳಿಜಾರಿನ ದಿಕ್ಕು. ಅದಕ್ಕೆ ಅಡ್ಡಲಾಗಿ ಆ ಮೈಮೇಲೆ ಎಳೆದ ಮಟ್ಟದ ಗೆರೆಯೇ ಪಟ್ಟೆಯ ಓಟ. ಓಟದ ದಿಕ್ಕನ್ನು ಫೋನಿನ ದಿಕ್ಸೂಚಿಯಲ್ಲಿ, ಇಳಿಜಾರನ್ನು ಫೋನಿನ ಮಟ್ಟಗೋಲಿನಲ್ಲಿ ನೋಡಬಹುದು. ಹಾರೆ, ಸರಪಳಿ, ಪಂಪ್ ಪಕ್ಕದಲ್ಲಿದ್ದರೆ ದಿಕ್ಸೂಚಿ ದಾರಿ ತಪ್ಪುತ್ತದೆ, ಎರಡು ಮಾರು ದೂರ ಸರಿಸಿ. ಒಂದೇ ಅಳತೆ ನಂಬಬೇಡಿ, ಐದಾರು ಜಾಗದಲ್ಲಿ ನೋಡಿ. ಈ ಸೀಮೆಯಲ್ಲಿ ಓಟ ಬಹುಮಟ್ಟಿಗೆ ಉತ್ತರ-ದಕ್ಷಿಣವಾಗಿಯೇ ಬರುತ್ತದೆ, ನೀವು ಹೇಳಿದ ‘ಪೂರ್ವಕ್ಕೆ ವಾಲಿದೆ’ ಎಂಬುದಕ್ಕೂ ಅದು ಹೊಂದುತ್ತದೆ.

ಚಪ್ಪಡಿ, ಕಂಬದ ಪ್ರಶ್ನೆಗೆ ಉತ್ತರ ಬಣ್ಣದಲ್ಲಿಲ್ಲ, ಕಾಗೆಬಂಗಾರದಲ್ಲಿದೆ. ಕಪ್ಪು ಪಟ್ಟೆಗೆ ಚಾಕುವಿನ ಮೊನೆ ಹಾಕಿ ಎಬ್ಬಿಸಿ. ತೆಳ್ಳಗಿನ, ಮಿಂಚುವ, ಬಾಗುವ ಚೂರು ಎದ್ದರೆ ಬಯೊಟೈಟ್, ಅಂದರೆ ಕಪ್ಪು ಕಾಗೆಬಂಗಾರ. ಕಲ್ಲು ಅಲ್ಲಿ ಸೀಳುತ್ತದೆ, ಅಲ್ಲೇ ಮೊದಲು ಕೊಳೆಯುತ್ತದೆ. ಚೂರು ಏಳದೆ ಸಣ್ಣ ಕಡ್ಡಿಗಳಂತೆ ಹೊಳೆದರೆ ಹಾರ್ನ್‌ಬ್ಲೆಂಡ್. ಆ ಕಪ್ಪು ಪಟ್ಟೆ ಬಿಳಿಯಷ್ಟೇ ಗಟ್ಟಿ, ಕೆಲವೊಮ್ಮೆ ಹೆಚ್ಚೇ ಗಟ್ಟಿ. ಎರಡೂ ದೂರದಿಂದ ಒಂದೇ ಥರ ಕಾಣುತ್ತವೆ.

ಕಂಬ ತೆಗೆಯುವಾಗ ಪಟ್ಟೆ ಕಂಬದ ಉದ್ದಕ್ಕೆ ಓಡಬೇಕು. ಆರೇಳು ಅಡಿ ಕಂಬಕ್ಕೆ ಪಟ್ಟೆ ಅಡ್ಡ ಬಂದಿದ್ದರೆ ಲಾರಿಯಿಂದ ಇಳಿಸುವಾಗಲೇ ಎರಡಾಗುತ್ತದೆ, ಅಲ್ಲಿ ಬದುಕಿದರೂ ತಂತಿ ಬಿಗಿಯುವಾಗ ಹೋಗುತ್ತದೆ. ಮೊದಲ ಸೀಳು ಯಾವಾಗಲೂ ಪಟ್ಟೆಯ ಮೈಗುಂಟ, ಆಮೇಲೆ ಅದಕ್ಕೆ ಲಂಬವಾಗಿ ಉದ್ದಕ್ಕೆ, ಕಡೆಗೆ ತಲೆ ಕತ್ತರಿಸುವುದು. ಜಾಕ್‌ಹ್ಯಾಮರ್‌ನಲ್ಲಿ ಸುಮಾರು 32 ಮಿಲಿಮೀಟರ್ ಕುಳಿ, ನಾಲ್ಕರಿಂದ ಆರು ಇಂಚಿಗೊಂದು, ಒಂದೇ ಗೆರೆಯಲ್ಲಿ. ಬೆಣೆಗಳನ್ನು ಒಂದೇ ಸಲ ಹೊಡೆಯದೆ ಈ ತುದಿಯಿಂದ ಆ ತುದಿಗೆ ಒಂದೊಂದು ಏಟು ಕೊಡುತ್ತ ಹೋಗಿ, ಸದ್ದು ಬದಲಾದ ಕೂಡಲೇ ಕೈ ನಿಲ್ಲಿಸಿ, ಕಲ್ಲು ತಾನೇ ಬಿಡಲಿ. ಅವಸರಕ್ಕೆ ಹೊಡೆದರೆ ಬಿರುಕು ಕುಳಿಯ ಗೆರೆ ಬಿಟ್ಟು ಹತ್ತಿರದ ಕಾಗೆಬಂಗಾರದ ಪಟ್ಟೆ ಹಿಡಿದು ಪಕ್ಕಕ್ಕೆ ಓಡಿಬಿಡುತ್ತದೆ.

ಹಾವಿನಂತೆ ಸುಳಿದ ಆ ಮೂಲೆಯನ್ನು ಕಂಬಕ್ಕೆ ಮುಟ್ಟಬೇಡಿ. ಅಲ್ಲೊಂದು ವಿಚಿತ್ರ ನೋಡಬಹುದು. ಸುಳಿ ತಿರುಗುವ ಬಾಗಿನ ಹತ್ತಿರ ಕಣ್ಣಿಟ್ಟು, ಕಾಗೆಬಂಗಾರದ ಚೂರುಗಳು ಪಟ್ಟೆಯ ಜೊತೆಗೇ ಬಾಗಿ ತಿರುಗಿವೆಯೇ ಅಥವಾ ಬಾಗನ್ನು ಲೆಕ್ಕಿಸದೆ ನೇರವಾಗಿ ಅಡ್ಡ ನಿಂತಿವೆಯೇ ನೋಡಿ. ಬಾಗಿದ್ದರೆ ಚೂರು ಮಲಗಿದ್ದು ಮೊದಲು, ಸುಳಿ ಆದದ್ದು ಆಮೇಲೆ. ಅಡ್ಡ ನಿಂತಿದ್ದರೆ ಸುಳಿಸಿದ ಒತ್ತಡವೇ ಅವನ್ನು ಹೊಸದಾಗಿ ಮಲಗಿಸಿದೆ, ಅಲ್ಲಿ ಕಲ್ಲು ಪಟ್ಟೆಗುಂಟ ಸೀಳದೆ ಪಟ್ಟೆಗಳನ್ನು ಕತ್ತರಿಸಿಕೊಂಡೇ ಸೀಳುತ್ತದೆ. ಅನುಭವಸ್ಥ ಒಡೆಯುವವರೂ ಬೇಸ್ತು ಬೀಳುವುದು ಇಲ್ಲೇ. ಆ ಕಲ್ಲನ್ನು ಬುನಾದಿಗೆ ಹಾಕಿಬಿಡಿ.

ಚಾವಣಿ, ಕಾಲುವೆ ಮೇಲಿನ ಚಪ್ಪಡಿಯಲ್ಲಿ ಪಟ್ಟೆಯ ಹಾಳೆ ಚಪ್ಪಡಿಯ ಅಗಲ ಮೈಗೆ ಸಮನಾಗಿರಲಿ. ಗೋಡೆಗೆ ಇಡುವ ಸೈಜುಗಲ್ಲಿನಲ್ಲಿ ಪಟ್ಟೆ ಮಲಗಿರಬೇಕು. ಪಟ್ಟೆಯನ್ನು ಹೊರಮುಖಕ್ಕೆ ನೆಟ್ಟಗೆ ನಿಲ್ಲಿಸಿ ಕಟ್ಟಿದ ಗೋಡೆ ಕೆಲವು ಮಳೆಗಾಲದ ನಂತರ ಚಕ್ಕೆ ಬಿಡುತ್ತದೆ. ಕಾಗೆಬಂಗಾರ ಜಾಸ್ತಿ ಇರುವ ಕಲ್ಲನ್ನು ಜಲ್ಲಿ ಮಾಡಿಸಬೇಡಿ. ಚಪ್ಪಟೆ ಚಪ್ಪಟೆ ಜಲ್ಲಿ ಬರುತ್ತದೆ, ಕಾಂಕ್ರೀಟು ಹೆಚ್ಚು ನೀರು ಕೇಳುತ್ತದೆ, ಗಟ್ಟಿತನ ಇಳಿಯುತ್ತದೆ. ಇನ್ನೊಂದು ಮಾತು: ಪಟ್ಟಾ ಜಮೀನೇ ಆದರೂ ಕಲ್ಲು ತೆಗೆದು ಮಾರುವುದಕ್ಕೆ ಗಣಿ ಇಲಾಖೆಯ ಅನುಮತಿ ಬೇಕು, ಮದ್ದು ಹಾಕುವವರ ಹತ್ತಿರ ಪರವಾನಗಿ ಇರಬೇಕು.

ನೀರು ಪಟ್ಟೆಯಲ್ಲಿ ಹರಿಯುವುದಿಲ್ಲ, ಬಿರುಕಿನಲ್ಲಿ ಹರಿಯುತ್ತದೆ. ಗಟ್ಟಿ ನೈಸಿನ ಒಳಗೆ ನೀರಿಗೆ ಜಾಗವೇ ಇಲ್ಲ. ಇರುವುದು ಮೇಲಿನ ಕೊಳೆತ ಭಾಗದಲ್ಲಿ ಮತ್ತು ಬಿರುಕುಗಳಲ್ಲಿ. ಆದರೆ ಬಿರುಕು ಬಿಡುವಾಗ ಕಲ್ಲು ಸುಲಭದ ದಾರಿ ಹಿಡಿಯುವುದರಿಂದ ಎಷ್ಟೋ ಬಿರುಕು ಪಟ್ಟೆಗುಂಟವೇ ಇರುತ್ತವೆ. ಮಳೆ ನಿಂತು ಎರಡು-ಮೂರು ದಿನವಾದ ಮೇಲೆ ಗೋಡೆಯಲ್ಲಿ ಎಲ್ಲಿ ಇನ್ನೂ ಒಸರುತ್ತಿದೆ ನೋಡಿ, ಸುಣ್ಣದಲ್ಲಿ ಗುರುತು ಹಾಕಿ. ಒಸರು ಪಟ್ಟೆಗುಂಟದ ಬಿರುಕಿನಲ್ಲೇ ಇದ್ದರೆ ಬಾವಿಯೊಳಗಿಂದ ಹಾಕುವ ಅಡ್ಡ ಬೋರು ಪೂರ್ವ ಅಥವಾ ಪಶ್ಚಿಮಕ್ಕೆ ಹೋಗಬೇಕು, ಆಗ ಅದು ಒಂದರ ಹಿಂದೊಂದು ಹಾಳೆಗಳನ್ನು ದಾಟುತ್ತ ಹಲವು ಬಿರುಕು ಮುಟ್ಟುತ್ತದೆ. ಉತ್ತರಕ್ಕೋ ದಕ್ಷಿಣಕ್ಕೋ ಹಾಕಿದರೆ ನೂರು ಅಡಿ ಹೋದರೂ ಒಂದೇ ಹಾಳೆಯೊಳಗೆ ಓಡುತ್ತಿರಬಹುದು, ದುಡ್ಡು ದಂಡ. ಪಟ್ಟೆಯನ್ನು ಅಡ್ಡ ದಾಟುವ ಬಿರುಕಿನಲ್ಲಿ ಒಸರಿದ್ದರೆ ಲೆಕ್ಕ ತಿರುಗಿಸಿ. ಪೂರ್ವ-ಪಶ್ಚಿಮ ಎರಡರಲ್ಲಿ ಪೂರ್ವವೇ ವಾಸಿ, ಕಾರಣ ಮೊದಲೇ ಹೇಳಿದ ಪಶ್ಚಿಮದ ಗೋಡೆ, ಅದನ್ನು ಯಂತ್ರದಿಂದ ಅದುರಿಸುವುದು ಬೇಡ. ಬೋರಿನ ಒಳತುದಿ ತುಸು ಮೇಲಕ್ಕಿರಲಿ, ನೀರು ತಾನೇ ಬಾವಿಗೆ ಬೀಳುತ್ತದೆ.

ಇನ್ನು ಅಡುಗೆಮನೆ ಕಟ್ಟೆ. ಒಂದೇ ಬಂಡೆಯಿಂದ ಕೊಯ್ದ ಎರಡು ಸ್ಲ್ಯಾಬ್ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಕಾಣಬಹುದು. ಗರಗಸ ಪಟ್ಟೆಗೆ ಅಡ್ಡ ಹೋದರೆ ಅಚ್ಚುಕಟ್ಟಾದ ಗೆರೆ. ಓರೆಯಾಗಿ ಹೋದರೆ ಅದೇ ಗೆರೆ ಅಗಲವಾಗುತ್ತದೆ: 3 ಮಿಲಿಮೀಟರಿನ ಪಟ್ಟೆಯನ್ನು 10 ಡಿಗ್ರಿ ಓರೆಯಲ್ಲಿ ಕೊಯ್ದರೆ 17 ಮಿಲಿಮೀಟರ್ ಕಾಣುತ್ತದೆ. ಪಟ್ಟೆಗೆ ಸಮನಾಗಿ ಕೊಯ್ದರೆ ಗೆರೆಯೇ ಇರದೆ ಮೋಡ ಚೆದುರಿದಂತೆ ಬರುತ್ತದೆ. ಅಂಗಡಿಯಲ್ಲಿ ಸಣ್ಣ ತುಂಡು ನೋಡಿ ಒಪ್ಪಿಕೊಳ್ಳಬೇಡಿ, ಒಂದೇ ಬ್ಲಾಕಿನ ಸಾಲು ನಂಬರಿನ ಸ್ಲ್ಯಾಬುಗಳನ್ನು ನಿಲ್ಲಿಸಿ ನೋಡಿ, ಹಿಂದೆ ಮುಂದೆ ಎರಡೂ ಕಡೆ. ಹಿಂಬದಿಯಲ್ಲಿ ಫೈಬರ್ ನೆಟ್ ಅಂಟಿಸಿದ್ದರೆ ಅದು ಮೋಸವಲ್ಲ, ಪಟ್ಟೆಗಲ್ಲಿಗೆ ಬೇಕಾದದ್ದೇ. ಆದರೆ ನೆಟ್ ಇರುವ ಕಲ್ಲಿನಲ್ಲಿ ಬಿರುಕು ಇದೆಯೇ ಎಂದು ಎರಡು ಸಲ ನೋಡಬೇಕು.

ಒದ್ದೆ ಪರೀಕ್ಷೆ ಮಾಡಿ. ಕಪ್ಪು ಪಟ್ಟೆ, ಬಿಳಿ ಪಟ್ಟೆ ಎರಡರ ಮೇಲೂ ಒಂದೊಂದು ಚಮಚ ನೀರು ಹಾಕಿ ಹದಿನೈದು ನಿಮಿಷ ಬಿಟ್ಟು ಒರೆಸಿ. ಕೆಳಗೆ ಕಪ್ಪಾದ ಗುರುತು ಉಳಿದರೆ ಆ ಪಟ್ಟೆ ಒಗ್ಗರಣೆ ಎಣ್ಣೆಯನ್ನೂ ಕುಡಿಯುತ್ತದೆ, ಸೀಲರ್ ಹಚ್ಚಿಸಲೇಬೇಕು. ಬೆಳಕಿಗೆ ಓರೆಯಾಗಿ ಹಿಡಿದಾಗ ಕಪ್ಪು ಪಟ್ಟೆಯಲ್ಲಿ ಸಣ್ಣ ಸಣ್ಣ ಗುಂಡಿ ಕಂಡರೆ ಅದು ಪಾಲಿಶ್ ಮಾಡಿದವರ ತಪ್ಪಲ್ಲ: ಹತ್ತರ ಅಳತೆಯಲ್ಲಿ ಬೆಣಚಿನ ಗಡಸುತನ 7, ಫೆಲ್ಡ್‌ಸ್ಪಾರ್ 6, ಬಯೊಟೈಟ್ 3ರ ಒಳಗೆ. ಉಜ್ಜುವಾಗ ಮೆತ್ತನೆಯದು ಕಿತ್ತು ಹೋಗುತ್ತದೆ. ಗುಂಡಿ ಅಲ್ಲೊಂದು ಇಲ್ಲೊಂದು ಇದ್ದರೆ ನಡೆಯುತ್ತದೆ, ಸಾಲುಗಟ್ಟಿದ್ದರೆ ಬೇರೆ ಸ್ಲ್ಯಾಬ್ ನೋಡಿ. ಬಿಳಿ ಭಾಗ ಅಮೃತಶಿಲೆಯೇನೋ ಎಂಬ ಸಂಶಯ ಬಂದರೆ ಹಿಂಬದಿಯಲ್ಲಿ ಉಕ್ಕಿನ ಮೊಳೆಯಿಂದ ಗೀರಿ. ಫೆಲ್ಡ್‌ಸ್ಪಾರ್ ಮೇಲೆ ಗೀರು ಬೀಳದು, ಸುಣ್ಣದ ಕಲ್ಲಾದರೆ ಬೀಳುತ್ತದೆ. ಅಂಥದು ನಿಂಬೆಹುಳಿ ತಡೆಯುವುದಿಲ್ಲ.

ಚಾರ್ನೊಕೈಟ್ ಎಂಬ ಕಲ್ಲು ಕೂಡ ಆಯ್ಕೆಗೆ ಸಿಗಬಹುದು. ಕೃಷ್ಣಗಿರಿಯಿಂದ ದಕ್ಷಿಣಕ್ಕೆ, ಧರ್ಮಪುರಿ ಕಡೆ ಹೋದ ಹಾಗೆ ನೈಸ್ ಇನ್ನೂ ಆಳದಲ್ಲಿ, ಇನ್ನೂ ಬಿಸಿಯಲ್ಲಿ ಬೆಂದದ್ದು. ಕಾಗೆಬಂಗಾರ ಬಹುಪಾಲು ಒಣಗಿ ಬೇರೆ ಖನಿಜವಾಗಿ, ಪಟ್ಟೆ ಮಸುಕಾಗಿ, ಕಲ್ಲು ಎಣ್ಣೆ ಸವರಿದಂಥ ಕಡುಹಸಿರಿಗೆ ತಿರುಗುತ್ತದೆ. ಕೋಲ್ಕತ್ತಾದಲ್ಲಿರುವ, ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಾಕ್‌ನ ಗೋರಿಕಲ್ಲು ಇದೇ ಜಾತಿಯದು. ಅದನ್ನು ನೋಡಿಯೇ ಹಾಲೆಂಡ್ ಎಂಬ ಭೂವಿಜ್ಞಾನಿ 1893ರಲ್ಲಿ ಹೆಸರಿಟ್ಟ. ಸೀಳುವ ಗುಣ ಕಡಿಮೆ, ಆದ್ದರಿಂದ ಕಂಬಕ್ಕೆ ಒಡೆಯುವವರಿಗೆ ಬೇಡ, ಕಟ್ಟೆಗೆ ಒಳ್ಳೆಯದು.

ಪಟ್ಟೆಗಲ್ಲನ್ನೇ ಹಾಕಿಸುವುದಾದರೆ ಗೆರೆ ಕಟ್ಟೆಯ ಉದ್ದಕ್ಕೆ ಓಡುವಂತೆ ಕೊಯ್ಸಿ. ಚಂದಕ್ಕಲ್ಲ, ಸಿಂಕಿಗೆ ಬೇಕು. ಸಿಂಕಿನ ರಂಧ್ರ ತೆಗೆದ ಮೇಲೆ ಮುಂದೆ ಹಿಂದೆ ಉಳಿಯುವುದು ಮೂರು ಬೆರಳಗಲದ ಪಟ್ಟಿ, ಗೆರೆ ಅದಕ್ಕೆ ಅಡ್ಡ ಬಂದಿದ್ದರೆ ಇಬ್ಬರು ಎತ್ತಿಕೊಂಡು ಬಾಗಿಲು ದಾಟಿಸುವಷ್ಟರಲ್ಲಿ ಮುರಿದಿರುತ್ತದೆ. ರಂಧ್ರದ ಮೂಲೆಗಳನ್ನು ಚೌಕವಾಗಿ ಕೊಯ್ಯದೆ ಮೊದಲು ನಾಲ್ಕು ಮೂಲೆಗೂ ಡ್ರಿಲ್ಲಿನಲ್ಲಿ ದುಂಡು ಕುಳಿ ತೆಗೆದು, ಕುಳಿಯಿಂದ ಕುಳಿಗೆ ಕೊಯ್ಯಲು ಹೇಳಿ. ಸಾಧ್ಯವಾದರೆ ಸ್ಲ್ಯಾಬನ್ನು ಕಟ್ಟೆಯ ಮೇಲೆ ಕೂರಿಸಿದ ನಂತರವೇ ಕೊಯ್ಯಲಿ, ಮುಂದಿನ ಆ ಪಟ್ಟಿಯ ಅಡಿಗೆ ಗಾರೆ ಪೂರ್ತಿ ತುಂಬಿದೆಯೇ ಎಂದು ಮೊದಲು ಕೈಹಾಕಿ ನೋಡಿಕೊಂಡು.